ಮೂವತ್ತೊಂದನೇ ವಾಲ್ವಿನ ಚೀಟಿ

ನಮ್ಮ ಊರಿನಲ್ಲಿ ಕೇಳುವುದು ಎಂಬ ಮಾತಿಗೆ ಒಂದೇ ಅರ್ಥ. ಹಾಡು ಕೇಳುತ್ತೇವೆ, ಹೇಳಿದ್ದನ್ನು ಕೇಳುತ್ತೇವೆ, ಗುಡ್ಡದ ಮೇಲಿನ ಪಂಪಿನ ಸದ್ದು ಕೇಳುತ್ತೇವೆ. ಆ ಪದಕ್ಕೆ ಬೇರೆ ಕಡೆ ಇನ್ನೊಂದು ಬಳಕೆಯೂ ಇದೆಯೆಂದು ನನಗೆ ಗೊತ್ತಾದದ್ದು ಪದವಿ ಓದಲು ಹೊರಗೆ ಹೋದಾಗ. ನಮ್ಮಲ್ಲಿ ಏನಾದರೂ ತಿಳಿಯಬೇಕಿದ್ದರೆ ತಿಳಿದವರ ಪಕ್ಕ ಹೋಗಿ ನಿಲ್ಲುತ್ತೇವೆ. ನಿಂತದ್ದನ್ನು ಕಂಡು ಅವರು ಹೇಳುತ್ತಾರೆ. ಬೆಂಡೆಕಾಯಿಯ ಮುಂದೆ ನಿಂತರೆ ಅಂಗಡಿಯವನು ಬೆಲೆ ಹೇಳುತ್ತಾನೆ. ಡಾಕ್ಟರ ಎದುರು ಕೂತರೆ, ರೋಗಿ ತಾನಾಗಿ ಬಾಯಿ ಬಿಡುವವರೆಗೂ ಅವರು ಕನ್ನಡಕ ಒರೆಸುತ್ತಿರುತ್ತಾರೆ. ಶಾಲೆಯ ಪರೀಕ್ಷೆಯಲ್ಲಿ ಅರ್ಧ ವಾಕ್ಯ ಬರೆದು ಮುಂದೆ ಚುಕ್ಕಿ ಇಟ್ಟಿರುತ್ತಾರೆ. ಮನೆಗೆ ಬಂದವರ ಮುಂದೆ ತಟ್ಟೆ ಇಡುತ್ತೇವೆ, ಉಂಡು ಬಂದವರು ತಟ್ಟೆಯನ್ನು ಮಗುಚಿ ಹಾಕುತ್ತಾರೆ. ಪಕ್ಕದಲ್ಲಿ ನಿಂತರೂ ಹೇಳಲಿಲ್ಲವೆಂದರೆ ಹೇಳಲು ಮನಸ್ಸಿಲ್ಲವೆಂದು ತಿಳಿದು ಹೊರಟುಬಿಡಬೇಕು. ಅದೇ ವಿಷಯಕ್ಕೆ ಎರಡನೇ ಸಲ ನಿಲ್ಲುವುದು ಮರ್ಯಾದೆಯಲ್ಲ.

ನಾನು ಪುರಸಭೆಯ ನೀರಿನ ವಿಭಾಗದಲ್ಲಿ ಗುಮಾಸ್ತೆ. ಅನುಕಂಪದ ಮೇಲೆ ಸಿಕ್ಕ ಕೆಲಸ. ನಮ್ಮಪ್ಪ ಮರಿಸ್ವಾಮಿ ಇದೇ ವಿಭಾಗದಲ್ಲಿ ತೊಟ್ಟಿ ತೊಳೆಯುವ ಕೆಲಸದಲ್ಲಿದ್ದರು. ನನಗೆ ಎರಡು ವರ್ಷವಿದ್ದಾಗ ಗುಡ್ಡದ ಬುಡದ, ಕೆಸರು ತಂಗುವ ಗಸಿತೊಟ್ಟಿಯಲ್ಲಿ ತೀರಿಕೊಂಡರು. ಕಾಲು ಜಾರಿ ಬಿದ್ದು ಸಾವು ಎಂದು ಕಡತದಲ್ಲಿದೆ. ನಮ್ಮವ್ವ ಕೆಂಪಾಜಮ್ಮ ಪೇಟೆಯ ಕೊನೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ.

ಹೋದ ವರ್ಷ ಊರಿನ ನಲವತ್ತಮೂರು ವಾಲ್ವುಗಳಿಗೂ ಮೋಟಾರು ಕೂರಿಸಿದರು. ಅಲ್ಲಿಯವರೆಗೆ ದೊಡ್ಡಲಿಂಗಯ್ಯ ಎಂಬ ನೀರುಗಂಟಿ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿ ತಿರುಗಿ ನೀರು ಬಿಡುತ್ತಿದ್ದರು. ಅವರು ನಿವೃತ್ತರಾದ ತಿಂಗಳೇ ಪಂಪ್‌ಹೌಸಿನ ಮೇಜಿನ ಮೇಲೆ ಕಂಪ್ಯೂಟರ್ ಬಂದು ಕೂತಿತು. ಅದನ್ನು ನಡೆಸಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ಅನುಭವವಿದ್ದ ಜುಬೇದಕ್ಕನನ್ನು ಹಾಕಿದರು. ಪರದೆ ತುಂಬ ನೀಲಿ ಗೆರೆಗಳು, ಗೆರೆಗಳ ಮೇಲೆ ಅಲ್ಲಲ್ಲಿ ಮಲಗಿಸಿದ ಡಮರುವಿನಂಥ ಪುಟ್ಟ ಚಿತ್ರಗಳು. ಒಂದೊಂದು ಡಮರು ಒಂದೊಂದು ವಾಲ್ವು. ಒತ್ತಿದರೆ ತೆರೆಯುತ್ತದೆ, ಇನ್ನೊಮ್ಮೆ ಒತ್ತಿದರೆ ಮುಚ್ಚುತ್ತದೆ. ಮೌಸಿನ ಬಾಣವನ್ನು ಡಮರುವಿನ ಮೇಲೆ ತಂದು ಒತ್ತದೆ ಸುಮ್ಮನೆ ನಿಲ್ಲಿಸಿದರೆ ಪಕ್ಕದಲ್ಲಿ ಸಣ್ಣದೊಂದು ಹಳದಿ ಚೀಟಿ ಮೂಡುತ್ತದೆ. ಕಂಪನಿಯವರು ಅದನ್ನು ಟೂಲ್‌ಟಿಪ್ ಎನ್ನುತ್ತಿದ್ದರು, ನಾವು ಚೀಟಿ ಎಂದೆವು.

ಮೊದಲ ದಿನ ಅದನ್ನು ಕಂಡು ಜುಬೇದಕ್ಕನಿಗೆ ಖುಷಿಯೋ ಖುಷಿ. "ಇದು ನಮ್ಮೂರಿಂದೇ ಮಿಷನ್ನು ಕಣೇ ಸುಕನ್ಯಾ. ಪಕ್ಕ ನಿಂತ್ರೆ ಸಾಕು, ತಾನಾಗೇ ಹೇಳುತ್ತೆ" ಎಂದಳು.

ಆದರೆ ಅದು ಹೇಳುತ್ತಿದ್ದುದು ಬರೀ ಇಷ್ಟು: ವಿ-29, ತೆರೆ ಅಥವಾ ಮುಚ್ಚು. ಎರಡನೇ ವಾರ ಜುಬೇದಕ್ಕ ಇಪ್ಪತ್ತೊಂಬತ್ತರ ಪಕ್ಕ ಬಾಣ ನಿಲ್ಲಿಸಿದಳು, ಚೀಟಿ ತೆರೆ ಎಂದಿತು, ತೆರೆದಳು. ಅದಕ್ಕೂ ಮೊದಲು ಇಪ್ಪತ್ತೇಳನ್ನು ತೆರೆದು ಗಾಳಿ ಬಿಡಬೇಕೆಂಬುದು ದೊಡ್ಡಲಿಂಗಯ್ಯನವರ ತಲೆಯಲ್ಲಿ ಮಾತ್ರ ಇತ್ತು. ಕುಂಬಾರ ಬೀದಿಯ ಹಳೇ ಪೈಪು ಒಡೆದು, ಒಣಗಲು ಇಟ್ಟಿದ್ದ ಹಸಿ ಮಡಕೆಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಣ್ಣಾಗಿದ್ದವು. ಒಂದು ಮನೆಯ ಹಿತ್ತಿಲ ಗೋಡೆ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಮಾರನೇ ದಿನ ಕಂಪನಿಯ ಎಂಜಿನಿಯರ್ ಪ್ರದ್ಯುಮ್ನ ಎಂಬವನು ಹೊರಗಿನಿಂದ ಬಂದ. "ಯಾರು ಒತ್ತಿದ್ದು? ಯಾಕೆ ಒತ್ತಿದ್ರಿ? ನನಗೊಂದು ಫೋನ್ ಮಾಡಿ ಕೇಳಬಹುದಿತ್ತಲ್ವಾ ಮೇಡಂ?" ಎಂದು ಬಾಗಿಲಲ್ಲೇ ಶುರು ಮಾಡಿದ. ಜುಬೇದಕ್ಕ ಮುಖ ಕೆಂಪು ಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಹೊರಗಿದ್ದು ಬಂದ ನನಗೆ ಅಭ್ಯಾಸವಿತ್ತು. ಅವನನ್ನು ಪಕ್ಕಕ್ಕೆ ಕರೆದು, ಈ ಊರಿನಲ್ಲಿ ಯಾರೂ ಫೋನ್ ಮಾಡಿ ಕೇಳುವುದಿಲ್ಲ, ಚೀಟಿಯೇ ಪೂರ್ತಿ ಹೇಳಬೇಕು ಎಂದೆ. ಅವನು ಚೀಟಿಗಳ ಸೆಟ್ಟಿಂಗ್ಸ್ ತೆರೆದು ತೋರಿಸಿದ. ಪ್ರತಿ ವಾಲ್ವಿನ ಎದುರಿಗೂ ನಮಗೆ ಬೇಕಾದ ಮಾತು ಬರೆಯಲು ಒಂದು ಖಾನೆ. ಅಕ್ಷರದ ಗಾತ್ರ, ಚೀಟಿಯ ಬಣ್ಣ, ಎಷ್ಟು ಹೊತ್ತಿಗೆ ಮೂಡಬೇಕು, ಎಷ್ಟು ಹೊತ್ತು ಇರಬೇಕು ಎಲ್ಲವನ್ನೂ ಬದಲಾಯಿಸಬಹುದಿತ್ತು. "ಏನು ಬರೀಬೇಕು ಅಂತ ನನಗೆ ಗೊತ್ತಿಲ್ಲ. ನಿಮ್ಮ ಪೈಪಿನ ವಿಷಯ ನಿಮಗೇ ಗೊತ್ತಿರಬೇಕು" ಎಂದು ಹೇಳಿ ಹೋದ.

ಗೊತ್ತಿದ್ದವರು ಒಬ್ಬರೇ. ಅವರ ಹತ್ತಿರ ಹೋಗುತ್ತೇನೆಂದು ಸಂಜೆ ಅವ್ವನಿಗೆ ಹೇಳಿದೆ. ಅವಳು ಗಿರಣಿಯ ಬೆಲ್ಟಿಗೆ ಅಂಟಿದ ಹಿಟ್ಟು ಕೊಡವುತ್ತಿದ್ದವಳು ಕೈ ನಿಲ್ಲಿಸಿದಳು. "ನಾನೂ ಒಂದ್ಸಲ ಅವರ ಜಗಲಿ ಪಕ್ಕ ನಿಂತಿದ್ದೆ. ನಿಮ್ಮಪ್ಪನ ತಿಥಿ ಆದ ಮಾರನೇ ದಿನ. ನೀನು ಸೊಂಟದ ಮೇಲಿದ್ದೆ. ಬೆಳಗ್ಗಿಂದ ಸಂಜೆಗಂಟ ನಿಂತೆ. ಒಳಗೆ ಹೋಗಿ ಬಾಗ್ಲು ಹಾಕ್ಕೊಂಡ್ರು" ಎಂದಳು. ಮತ್ತೆ ಕೊಡವತೊಡಗಿದಳು. ಅದಕ್ಕೂ ಮುಂಚೆ ಈ ಮಾತನ್ನು ಅವಳು ನನಗೆ ಹೇಳಿರಲಿಲ್ಲ, ನಾನು ಆ ವಿಷಯಕ್ಕೆ ಅವಳ ಪಕ್ಕ ನಿಂತಿರಲೂ ಇಲ್ಲ.

ದೊಡ್ಡಲಿಂಗಯ್ಯ ತಮ್ಮ ತಂಗಿಯ ಮನೆಯಲ್ಲಿದ್ದರು. ನಾನು ನೋಟ್‌ಬುಕ್ ಹಿಡಿದು ಪಕ್ಕ ನಿಂತಾಗ ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಂತರ ಚಪ್ಪಲಿ ಮೆಟ್ಟಿ ಹೊರಟರು. ಹತ್ತೊಂಬತ್ತು ದಿನ ಅವರ ಹಿಂದೆ ಹಿಂದೆ ಊರೆಲ್ಲ ತಿರುಗಿದೆ. ಒಂದೊಂದು ವಾಲ್ವಿನ ಮುಚ್ಚಳದ ಬಳಿ ನಿಂತು ಅವರು ಹೇಳುವರು, ನಾನು ಬರೆದುಕೊಳ್ಳುವೆ. "ಇದು ಹೆರಿಗೆ ಆಸ್ಪತ್ರೆದು. ಯಾವ ಕಾರಣಕ್ಕೂ ಪೂರ್ತಿ ಮುಚ್ಚಬಾರದು, ಬೆರಳಷ್ಟು ನೀರು ಹೋಗ್ತಾನೇ ಇರ್ಬೇಕು." "ಇದು ತಿಗಳರ ಕೇರಿ. ಸೋಮವಾರ ಸ್ವಲ್ಪ ಜಾಸ್ತಿ ಬಿಡವ್ವ, ಅವತ್ತು ಅವರೆಲ್ಲ ಬಟ್ಟೆ ಒಗೀತಾರೆ." "ಇದನ್ನ ಬಿಟ್ಟ ತಕ್ಷಣ ನೀರು ಕೆಂಪಗೆ ಬರುತ್ತೆ. ಹೆದರೋದು ಬೇಡ, ಹತ್ತು ನಿಮಿಷಕ್ಕೆ ತಿಳಿಯಾಗುತ್ತೆ." ಅಷ್ಟು ಮಾತಾಡುವ ಮನುಷ್ಯ ಅವರೆಂದು ನನಗೆ ಗೊತ್ತಿರಲಿಲ್ಲ.

ಹದಿನಾಲ್ಕನೇ ದಿನ ಗುಡ್ಡದ ಬುಡಕ್ಕೆ ಬಂದೆವು. ಮೇಲಿನ ತೊಟ್ಟಿಯ ನೀರು ಊರಿಗೆ ಇಳಿಯುವ ಮೊದಲು ಕೆಸರು ಬಿಟ್ಟು ಬರಲೆಂದು ನೆಲದೊಳಗೆ ಕಟ್ಟಿದ ಆಳದ ಗಸಿತೊಟ್ಟಿ ಅಲ್ಲಿದೆ. ಒಂದು ಸಲಕ್ಕೆ ಒಬ್ಬರು ಮಾತ್ರ ಇಳಿಯಬಹುದಾದ ದುಂಡನೆಯ ಬಾಯಿ. ಅದರ ಪಕ್ಕದ್ದು ಮೂವತ್ತೊಂದನೇ ವಾಲ್ವು. ನಾನು ನಿಂತೆ. ಅವರು ಟವೆಲಿನಿಂದ ಕತ್ತು ಒರೆಸಿಕೊಂಡರು, ಕೆಳಗೆ ನೋಡಿದರು, ಏನೂ ಹೇಳದೆ ಮೂವತ್ತೆರಡರ ಕಡೆ ನಡೆದರು. ನಾನು ಅದರ ಸಾಲನ್ನು ಖಾಲಿ ಬಿಟ್ಟು ಹಿಂದೆ ಹೋದೆ.

ಆಮೇಲಿನ ವಾರವೆಲ್ಲ ಪಂಪ್‌ಹೌಸಿನಲ್ಲಿ ನಾನೂ ಜುಬೇದಕ್ಕನೂ ಚೀಟಿಗಳೊಂದಿಗೆ ಗುದ್ದಾಡಿದೆವು. ಉದ್ದ ಬರೆದರೆ ಸಾಲು ಪರದೆಯ ಅಂಚು ದಾಟಿ ಹೋಗುತ್ತಿತ್ತು, ಸಾಲು ಮುರಿಯುವುದನ್ನು ಕಲಿತೆ. ಚೀಟಿಯ ಕೆಳಗಿನ ಅಂಚು ಒತ್ತಕ್ಷರಗಳನ್ನು ಕತ್ತರಿಸುತ್ತಿತ್ತು, "ಮುಚ್ಚಿ" ಎಂದು ಬರೆದರೆ "ಮುಚಿ" ಎಂದು ಕಾಣುತ್ತಿತ್ತು. ಸುತ್ತಲೂ ಜಾಗ ಬಿಟ್ಟು ಸರಿ ಮಾಡಿದೆ. ಬಾಣ ಇಟ್ಟ ಅರೆ ಸೆಕೆಂಡಿಗೇ ಚೀಟಿ ಹಾರಿ ಬರುತ್ತಿದ್ದುದು ಜುಬೇದಕ್ಕನಿಗೆ ಸೇರಲಿಲ್ಲ. "ಬಾಯಿಬಡುಕಿ ಇದ್ದ ಹಾಗಿದೆ. ನಿಂತೋರು ಒಂದು ಉಸಿರಾದ್ರೂ ತಗೊಳ್ಳಲಿ" ಎಂದಳು. ಎರಡು ಸೆಕೆಂಡಿಗೆ ಏರಿಸಿದೆ. ಐದು ಸೆಕೆಂಡಿಗೆ ಚೀಟಿ ತಾನೇ ಮಾಯವಾಗುತ್ತಿತ್ತು, ಅವಳು ಕನ್ನಡಕ ಸರಿಮಾಡಿಕೊಂಡು ಎರಡನೇ ಸಾಲಿಗೆ ಬರುವಷ್ಟರಲ್ಲಿ ಹೋಗಿರುತ್ತಿತ್ತು. ಅದಕ್ಕೆ ಬಾಣ ಸರಿಸುವವರೆಗೂ ಚೀಟಿ ಅಲ್ಲೇ ಇರುವಂತೆ ಮಾಡಿದೆ. ಅಕ್ಷರದ ಗಾತ್ರವನ್ನು ಹದಿನಾರಕ್ಕೆ ಏರಿಸಿದೆ. ಆಸ್ಪತ್ರೆಯ ಚೀಟಿಗೆ ಕೆಂಪು ಅಂಚು ಹಾಕಿದೆ.

ಎಲ್ಲ ಮುಗಿದ ಮೇಲೆ ದೊಡ್ಡಲಿಂಗಯ್ಯನವರೇ ಒಮ್ಮೆ ನೋಡಲಿ ಎಂದು ಕರೆದುಕೊಂಡು ಬಂದೆ. ಜುಬೇದಕ್ಕ ಊಟಕ್ಕೆ ಮನೆಗೆ ಹೋಗಿದ್ದಳು. ಅವರು ಕುರ್ಚಿಯ ತುದಿಯಲ್ಲಿ ಕೂತು, ಎರಡೂ ಕೈಯಲ್ಲಿ ಮೌಸನ್ನು ಹಿಡಿದು ಒಂದೊಂದೇ ಡಮರುವಿನ ಮೇಲೆ ನಿಲ್ಲಿಸಿ ತಮ್ಮ ಮಾತುಗಳನ್ನು ತಾವೇ ತುಟಿ ಅಲುಗಿಸಿ ಓದಿದರು. ತಿಗಳರ ಕೇರಿಯ ಚೀಟಿ ಬಂದಾಗ ನಕ್ಕರು. ಮೂವತ್ತಾದ ಮೇಲೆ ಮೂವತ್ತೊಂದರ ಮೇಲೆ ಬಾಣ ಬಂತು. ನಾನು ಕಂಪನಿಯ ಮಾತನ್ನು ಅಳಿಸಿ, ಬರೆಯಲು ಏನೂ ಇಲ್ಲವೆಂದು ಖಾನೆಯಲ್ಲಿ ಬರೀ ಜಾಗ ಬಿಟ್ಟಿದ್ದೆ. ಖಾಲಿ ಹಳದಿ ಚೀಟಿ ಮೂಡಿತು. ಅವರು ಕಾದರು. ಅಕ್ಷರ ಬರಲಿಲ್ಲ, ಚೀಟಿ ಹೋಗಲೂ ಇಲ್ಲ. ಅವರ ಪಕ್ಕದಲ್ಲಿ ಹಾಗೆಯೇ ನಿಂತಿತ್ತು. ಬಾಣ ಒಂದಿಷ್ಟು ಸರಿಸಿದ್ದರೆ ಹೋಗುತ್ತಿತ್ತು. ಅವರು ಸರಿಸಲಿಲ್ಲ.

"ಗಸಿ ತೆಗೆದು ಎಲ್ರೂ ಮೇಲೆ ಬಂದಿದ್ರು" ಎಂದರು, ಪರದೆಯನ್ನೇ ನೋಡುತ್ತ. "ಒಬ್ಬೊಬ್ಬರಿಗೆ ಒಂದೊಂದು ಬುಟ್ಟಿ, ನಾಲ್ಕೂ ಮೇಲೆ ಬಂದಿತ್ತು. ನಾಲ್ಕು ಬುಟ್ಟಿ ಅಂದ್ರೆ ನಾಲ್ಕು ಜನ ಅಂದ್ಕೊಂಡೆ. ನಾನು ಕೀಲಿ ಹಾಕಿ ತಿರುಗಿಸ್ದೆ. ನಿಮ್ಮಪ್ಪ ಮತ್ತೆ ಇಳಿದಿದ್ದ. ಹದಿನಾಲ್ಕು ಸುತ್ತು ತಿರುಗಿಸ್ದೆ ಮಗಳೇ. ಕಾಲು ಜಾರಿದ್ದಲ್ಲ."

ನಾನು ಅವರ ಹಿಂದೆ ನಿಂತಿದ್ದೆ. ಹಿಡಿದುಕೊಳ್ಳಲು ಕುರ್ಚಿಯ ಬೆನ್ನು ಸಿಕ್ಕಿತು. ಸಿಟ್ಟು ಬಂತೆಂದು ಹೇಳಲಾರೆ, ಬರಲಿಲ್ಲವೆಂದೂ ಹೇಳಲಾರೆ. ಅವರ ಕುತ್ತಿಗೆಯ ಹಿಂದಿನ ಬಿಳಿ ಕೂದಲನ್ನು ನೋಡುತ್ತಿದ್ದೆ. ಒಳಗೆ ಯಾರಾದರೂ ಇದ್ದಾರೋ ಎಂದು ಬಗ್ಗಿ ಒಂದು ಮಾತು ಕೂಗಲು ಆ ದಿನ ಗುಡ್ಡದ ಬುಡದಲ್ಲಿದ್ದ ಯಾರ ನಾಲಿಗೆಗೂ ಬಂದಿರಲಿಲ್ಲ. ಅಂಥ ಮಾತು ನಮ್ಮಲ್ಲಿ ಯಾರ ನಾಲಿಗೆಗೂ ಬರುವುದಿಲ್ಲ.

"ಬರ್ಕೊ" ಎಂದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಕೀಬೋರ್ಡ್ ಎಳೆದುಕೊಂಡೆ. ಅವರು ಒಂದೊಂದೇ ಮಾತು ಹೇಳಿದರು. ಪ್ರಶ್ನೆಯ ಚಿಹ್ನೆ ಎಲ್ಲಿದೆಯೆಂದು ನಾನು ಹುಡುಕಬೇಕಾಯಿತು. ಉಳಿದ ಕೀಲಿಗಳೆಲ್ಲ ಜುಬೇದಕ್ಕನ ಬೆರಳಿಗೆ ಮಾಸಿದ್ದವು, ಅದೊಂದು ಹೊಸದರ ಹಾಗೇ ಇತ್ತು. ಮೂರು ಸಲ ತಪ್ಪು ಒತ್ತಿ ನಾಲ್ಕನೇ ಸಲಕ್ಕೆ ಚೀಟಿ ಹೀಗಾಯಿತು: "ಗಸಿತೊಟ್ಟಿಗೆ ನೀರು. ಒಳಗೆ ಯಾರಾದರೂ ಇದ್ದೀರಾ? ಎದ್ದು ಹೋಗಿ ತೊಟ್ಟಿಯ ಬಾಯಲ್ಲಿ ಹೀಗೆ ಕೂಗಿ. ಉತ್ತರ ಬರದಿದ್ದರೆ ದೀಪ ಇಳಿಸಿ ನೋಡಿ. ಆಮೇಲೆ ತೆರೆಯಿರಿ."

ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ನಿಮ್ಮವ್ವನಿಗೆ ನಾನೇ ಹೇಳ್ತೀನಿ. ನೀನು ಹೇಳ್ಬೇಡ" ಎಂದರು. ನಾನು ಒಪ್ಪಿದೆ.

ಪ್ರಶ್ನೆಯೊಂದನ್ನು ಸರ್ಕಾರಿ ಪರದೆಯ ಮೇಲೆ ಬರೆಯಬಹುದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಪುರಸಭೆಯ ಮುಖ್ಯಾಧಿಕಾರಿ ವಾರಿಜಾ ಮೇಡಂ ತಾವೇ ಬಂದು ಬಾಣ ಇಟ್ಟು ಓದಿದರು. ಕಿವಿಯವರೆಗೆ ಸೆರಗು ಎಳೆದುಕೊಂಡು, ನಾನು ಅವರ ಮುಂದೆ ಏನೋ ಹೇಳಬಾರದ್ದು ಹೇಳಿದಂತೆ ನೋಡಿದರು. "ಮಾತು ಒರಟಾಗಿದೆ. ಬೇರೆ ಥರ ಬರೆದ್ರೆ ಚೆನ್ನಾಗಿರುತ್ತೆ" ಎಂದರು. ಬೇರೆ ಥರ ಬರೆದರೆ ಯಾರೂ ಎದ್ದು ಹೋಗುವುದಿಲ್ಲ ಎಂದೆ. ಅವರು ಇನ್ನೊಮ್ಮೆ ಓದಿದರು. ಯಾರು ಹೇಳಿ ಬರೆಸಿದ್ದೆಂದು ತಿಳಿಯಲು ನನ್ನ ಪಕ್ಕ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಕಡತಕ್ಕೆ ಸಹಿ ಹಾಕಿ ಹೋದರು.

ಗಸಿ ತೆಗೆಯುವ ದಿನ ಸೋಮವಾರ ಬಂತು. ಅಷ್ಟರಲ್ಲಿ ಹನ್ನೊಂದು ದಿನ ಕಳೆದಿದ್ದವು, ದೊಡ್ಡಲಿಂಗಯ್ಯ ಗಿರಣಿಯ ಕಡೆ ಬಂದಿರಲಿಲ್ಲ. ಕೆಲಸ ಮುಗಿಯಿತೆಂದು ಆಳುಗಳು ಕೈಯೆತ್ತಿ ತೋರಿಸಿದ ಮೇಲೆ ಜುಬೇದಕ್ಕ ಮೂವತ್ತೊಂದರ ಮೇಲೆ ಬಾಣ ತಂದಳು. ಚೀಟಿ ಓದಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎದ್ದು, ಬಿಸಿಲಿನಲ್ಲಿ ಗಸಿತೊಟ್ಟಿಯವರೆಗೆ ನಡೆದಳು. ನಾನೂ ಹಿಂದೆ ಹೋದೆ. ಮಂಡಿಯೂರಿ ಕೂತು ಎರಡು ಸಲ ಬಾಯಿ ತೆರೆದಳು, ಮಾತು ಬರಲಿಲ್ಲ. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಕೂಗಿದಳು. "ಒಳಗೆ ಯಾರಾದ್ರೂ ಇದ್ದೀರಾ?" ಕತ್ತಲಿನೊಳಗಿಂದ ಅವಳ ಮಾತೇ ದುಂಡಗೆ ತಿರುಗಿ ಬಂತು. ಆಳುಗಳು ನೆಲ ನೋಡಿದರು. ಆಚೆ ರಸ್ತೆಯಲ್ಲಿ ಸೈಕಲ್ಲಿನವನೊಬ್ಬ ಇಳಿದು ನಿಂತ. ದೀಪ ಇಳಿಸಿ ನೋಡಿದೆವು. ಒಳಗೆ ಒದ್ದೆ ಗೋಡೆ ಮಾತ್ರ ಇತ್ತು. ಜುಬೇದಕ್ಕ ವಾಪಸು ಹೋಗಿ ವಾಲ್ವು ತೆರೆದಳು.

ಗಿರಣಿಗೆ ಬರುವವರು ಊರಿನ ಸುದ್ದಿಯನ್ನೆಲ್ಲ ತರುತ್ತಾರೆ, ಜುಬೇದಕ್ಕ ಕೂಗಿದ್ದೂ ಅಲ್ಲಿಗೆ ಮುಟ್ಟಿತ್ತು. ಸಂಜೆ ನಾನು ಮನೆಗೆ ಬಂದು ಅಕ್ಕಿ ತೊಳೆಯುತ್ತಿದ್ದಾಗ ಅವ್ವ ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳ ಹುಬ್ಬಿನ ಮೇಲೆ ಹಿಟ್ಟಿತ್ತು. ಅಕ್ಕಿಯನ್ನು ಮೂರು ಸಲ ತೊಳೆದೆ, ನಾಲ್ಕನೇ ಸಲವೂ ನೀರು ಹಾಕಿದೆ. ಅವಳು ನಿಂತೇ ಇದ್ದಳು. ಮಾತು ಕೊಟ್ಟಿದ್ದ ನಾನು ಹೇಳಲಿಲ್ಲ. ಬಹಳ ಹೊತ್ತಾದ ಮೇಲೆ ಅವಳು ಒಳಗೆ ಹೋಗಿ ಹಾಸಿಗೆ ಬಿಡಿಸಿದ ಸದ್ದು ಕೇಳಿಸಿತು. ಇನ್ನೂ ದೀಪ ಹಚ್ಚುವ ಹೊತ್ತೂ ಆಗಿರಲಿಲ್ಲ.

ಬೆಳಗಾಗುತ್ತಲೇ ದೊಡ್ಡಲಿಂಗಯ್ಯನವರ ತಂಗಿಯ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದರು. ನಾನು ಪಕ್ಕ ನಿಲ್ಲಲಿಲ್ಲ, ಎದುರಿಗೆ ನಿಂತೆ. "ಮಾವ, ಯಾವಾಗ ಹೇಳ್ತೀರಿ?" ಎಂದೆ. ಅಂಥ ಮಾತನ್ನು ಹೊರಗೆ ಮೂರು ವರ್ಷ ಸಲೀಸಾಗಿ ಆಡಿದ್ದೆ, ಊರಿನಲ್ಲಿ ಆಡಿದ್ದು ಇದೇ ಮೊದಲು. ಒಳಗಿನಿಂದ ಅವರ ತಂಗಿ ಇಣುಕಿ ನೋಡಿ ತಲೆ ಒಳಗೆಳೆದುಕೊಂಡರು. ದೊಡ್ಡಲಿಂಗಯ್ಯ ಬಾಯಿ ಮುಕ್ಕಳಿಸಿದರು. ಮುಖ ತೊಳೆದರು. "ನಡಿ, ಬಂದೆ" ಎಂದರು.

ಅವರು ಬಂದಾಗ ಹತ್ತು ಗಂಟೆಯಿರಬಹುದು. ನಾನು ಆ ದಿನ ರಜೆ ಹಾಕಿ ಗಿರಣಿಯಲ್ಲೇ ಕೂತಿದ್ದೆ. ಹೆಗಲ ಮೇಲೆ ರಾಗಿಯ ಚೀಲ ಹೊತ್ತು ಬಂದು ಸಾಲಿನ ಕೊನೆಯಲ್ಲಿ ನಿಂತರು. ಅವರ ಹಿಂದೆ ಬಂದವರನ್ನೆಲ್ಲ ಕೈಸನ್ನೆ ಮಾಡಿ ಮುಂದಕ್ಕೆ ಬಿಟ್ಟರು. ಕೊನೆಯವಳೂ ಹಿಟ್ಟು ತುಂಬಿಕೊಂಡು ಹೋದ ಮೇಲೆ ಅವ್ವ ಗಿರಣಿ ನಿಲ್ಲಿಸಿದಳು. ಬೆಲ್ಟು ನಿಧಾನವಾಗಿ ತಿರುಗಿ ನಿಂತಿತು. ಅವರು ಚೀಲವನ್ನು ನೆಲಕ್ಕಿಡದೆ ಹೆಗಲ ಮೇಲೇ ಹೊತ್ತುಕೊಂಡು ಹೇಳಿದರು. ನನಗೆ ಹೇಳಿದ್ದೆಲ್ಲ ಹೇಳಿ, ಹೇಳದಿದ್ದ ಒಂದು ಮಾತನ್ನೂ ಸೇರಿಸಿದರು. "ನನ್ನ ಸನಿಕೆ ಒಳಗೇ ಉಳ್ಕೊಂಡಿತ್ತು ಕೆಂಪಾಜಮ್ಮ. ಅದನ್ನ ತರೋಕೆ ಇಳಿದಿದ್ದ. ನಾನು ಹೇಳಿರ್ಲಿಲ್ಲ. ತಾನಾಗೇ ನೆನಪು ಮಾಡ್ಕೊಂಡು ಇಳಿದಿದ್ದ. ಅವತ್ತು ನೀನು ಬಂದು ನಿಂತಾಗ ಹೇಳ್ಬೇಕಿತ್ತು. ಮಗೂನ ನೋಡ್ದೆ, ಆಗ್ಲಿಲ್ಲ."

ಅವ್ವ ಜಾಲರಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳು ಅಳುತ್ತಾಳೆಂದು ನಾನು ಎದ್ದು ಹತ್ತಿರ ಹೋದೆ. ಅವಳು ಅಳಲಿಲ್ಲ. ಯಾವುದೋ ಗೊತ್ತಿಲ್ಲದ ಭಾಷೆಯ ಮಾತನ್ನು ಕೂಡಿಸಿ ಓದುವವಳಂತೆ ತಡೆದು ತಡೆದು ಅಂದಳು.

"ಅವರು... ಕೂಗಿದ್ರಾ?"

ದೊಡ್ಡಲಿಂಗಯ್ಯ ಅವಳ ಮುಖ ನೋಡಿದರು. ಅರವತ್ತು ವರ್ಷದಲ್ಲಿ ಅವರನ್ನು ಊರಿನವರೊಬ್ಬರು ಕೇಳಿದ್ದು ಅದು ಎರಡನೆಯ ಸಲ, ಎರಡೂ ಅದೇ ದಿನ. "ಗೊತ್ತಿಲ್ಲ ತಾಯಿ" ಎಂದರು. "ನೀರಿನ ಸದ್ದು ಜೋರಿತ್ತು. ಕೂಗಿದ್ರೂ ನಂಗೆ ಕೇಳಿಸ್ತಿರ್ಲಿಲ್ಲ. ಎಷ್ಟೋ ಸಲ ನೆನಪು ಮಾಡ್ಕೊಂಡಿದ್ದೀನಿ. ನೀರಿನ ಸದ್ದೇ ಬರುತ್ತೆ."

ಅವ್ವ ತಲೆಯಾಡಿಸಿದಳು. ಇಷ್ಟು ವರ್ಷ ಅವಳು ಏನೇನು ಊಹಿಸಿಕೊಂಡಿದ್ದಳೋ ನನಗೆ ತಿಳಿಯದು. ಅವಳ ಭುಜ ಸ್ವಲ್ಪ ಇಳಿದದ್ದು ಮಾತ್ರ ಕಂಡಿತು. ಹೊರಗೆ ಯಾರೋ ಡಬ್ಬಿ ಹಿಡಿದು ಬಂದವರು ಗಿರಣಿ ನಿಂತಿದ್ದು ನೋಡಿ ಹಿಂದಿರುಗಿದರು. ರಾಗಿಯ ಚೀಲ ಇನ್ನೂ ದೊಡ್ಡಲಿಂಗಯ್ಯನವರ ಹೆಗಲ ಮೇಲೇ ಇತ್ತು. ಅವ್ವ ಮುಂದೆ ಬಂದು ಅವರ ಹೆಗಲಿನ ಚೀಲವನ್ನು ಇಳಿಸಿಕೊಂಡಳು. ಬಾಯಿ ಬಿಚ್ಚಿ, ಒಂದು ಹಿಡಿ ರಾಗಿ ತೆಗೆದು, ಕಲ್ಲಿದೆಯೇನೋ ಎಂದು ಅಂಗೈಯಲ್ಲಿ ಹರಡಿ ನೋಡಿದಳು. ಆಮೇಲೆ, ಈ ಸಲ ಅಷ್ಟು ತಡೆಯದೆ ಅಂದಳು:

"ನುಣ್ಣಗೆ ಬೀಸ್ಲಾ ಲಿಂಗಯ್ಯಣ್ಣ, ತರಿ ತರಿ ಇರ್ಲಾ?"

"ನುಣ್ಣಗೆ" ಎಂದರು. ಅವ್ವ ರಾಗಿಯನ್ನು ಗಿರಣಿಗೆ ಸುರಿದು ಸ್ವಿಚ್ ಒತ್ತಿದಳು.